ಸೀಟು ಮಗುವಿನದು, ಸ್ಟೇಟಸ್ ಯಾರದು?

ಅಡಿಕೆ ತೋಟಗಳಿಗೆ ಕೊಳೆಮದ್ದು ಹೊಡೆಯುವ ಮಳೆಗಾಲದ ದಿನಗಳಲ್ಲೇ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆಯೂ ಬರುತ್ತದೆ. ಆಗ ಶಿರಸಿ ತಾಲೂಕಿನ ಹುಲೇಕಲ್‌ನಂಥ ಊರಿನಲ್ಲೂ ಮೊಬೈಲುಗಳಿಗೆ ಬಿಡುವಿರುವುದಿಲ್ಲ. ಮಗನ ಫೋಟೊ, ಅದರ ಕೆಳಗೆ ಕಾಲೇಜಿನ ಹೆಸರು, ರ‍್ಯಾಂಕು, ಸುತ್ತಲೂ ಹೂವಿನ ಚಿತ್ರ. ಅಪ್ಪನ ವಾಟ್ಸಾಪ್ ಸ್ಟೇಟಸ್ಸಿನಿಂದ ಚಿಕ್ಕಪ್ಪನ ಸ್ಟೇಟಸ್ಸಿಗೆ, ಅಲ್ಲಿಂದ ಫೇಸ್‌ಬುಕ್ಕಿಗೆ. ಹವ್ಯಕರ ಮನೆಯಲ್ಲಿ ‘ಮಾಣಿಗೆ ಸೀಟು ಸಿಕ್ಕಿದ್ದಡ’, ನಮ್ಮವರ ಮನೆಯಲ್ಲಿ ‘ಮಾಶಾ ಅಲ್ಲಾಹ್’. ಈ ಒಂದು ವಿಷಯದಲ್ಲಿ ಮಾತ್ರ ಸಮುದಾಯಗಳ ನಡುವೆ ಅಪೂರ್ವ ಸಾಮರಸ್ಯ! 2020ರಲ್ಲಿ ಆನ್‌ಲೈನ್ ಪಾಠಕ್ಕಾಗಿ ನೆಟ್‌ವರ್ಕ್ ಹುಡುಕುತ್ತ ಈ ಭಾಗದ ಮಕ್ಕಳು ಗುಡ್ಡ ಹತ್ತಿದ್ದರು. ಸ್ಟೇಟಸ್ ಹಾಕಲು ಈಗ ಅಪ್ಪಂದಿರು ಹತ್ತುತ್ತಿದ್ದಾರೆ ಎಂದರೆ ಉತ್ಪ್ರೇಕ್ಷೆಯಾದೀತು. ಆದರೆ ತೀರಾ ದೊಡ್ಡ ಉತ್ಪ್ರೇಕ್ಷೆಯಲ್ಲ.

ಸಂತೋಷ ಹಂಚಿಕೊಂಡರೆ ತಪ್ಪೇನು ಎಂದು ಕೇಳುವವರಿದ್ದಾರೆ. ಸಂತೋಷಕ್ಕೆ ನಮ್ಮ ತಕರಾರಿಲ್ಲ. ಹಿಂದೆಯೂ ಮಗ ಪಾಸಾದರೆ ಅಕ್ಕಪಕ್ಕದ ಮನೆಗೆ ಪೇಡೆ ಹೋಗುತ್ತಿತ್ತು. ಆದರೆ ಪೇಡೆ ಕೊಡಲು ಹೋದವರು ಆ ಮನೆಯ ಹುಡುಗ ಫೇಲಾಗಿರುವುದು ಗೊತ್ತಾದರೆ ದನಿ ತಗ್ಗಿಸುತ್ತಿದ್ದರು. ಎರಡು ಮಾತು ಕಡಿಮೆ ಆಡಿ ಹಿಂದಿರುಗುತ್ತಿದ್ದರು. ಸ್ಟೇಟಸ್ಸಿಗೆ ಎದುರಿನವರ ಮುಖ ಕಾಣುವುದಿಲ್ಲ. ನಜರ್ ತಾಗೀತೆಂದು ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟ ಅಮ್ಮಂದಿರೇ ಅದರ ನೀಟ್ ಅಂಕವನ್ನು ಐನೂರು ಜನರಿಗೆ ತೋರಿಸುವುದು ಹೇಗೆಂಬುದು ನಮಗಿನ್ನೂ ಅರ್ಥವಾಗಿಲ್ಲ. ಅದಿರಲಿ.

ನಮ್ಮ ತಕರಾರು ಸೀಟು ಸಿಗದವರ ಬಗ್ಗೆ ಮಾತ್ರವಲ್ಲ, ಸಿಕ್ಕವರ ಬಗ್ಗೆ. ಈ ಪ್ರಕಟಣೆಯಿಂದ ‘ಬೇಡ’ ಎನ್ನುವ ಹಕ್ಕು ಮಗುವಿನ ಕೈತಪ್ಪಿ ಹೋಗುತ್ತದೆ.

ಸಿಇಟಿಯನ್ನೇ ನೋಡಿ. ಸೀಟು ಹಂಚಿಕೆಯಾದ ಮೇಲೆ ಅಭ್ಯರ್ಥಿಯ ಮುಂದೆ ಸಾಮಾನ್ಯವಾಗಿ ನಾಲ್ಕು ಆಯ್ಕೆಗಳಿರುತ್ತವೆ. ಒಪ್ಪಿದೆ, ಸೇರುತ್ತೇನೆ. ಒಪ್ಪಿದೆ, ಆದರೂ ಮುಂದಿನ ಸುತ್ತು ನೋಡುತ್ತೇನೆ. ಒಪ್ಪಿಲ್ಲ, ಮುಂದಿನ ಸುತ್ತಿಗೆ ಕಾಯುತ್ತೇನೆ. ನನಗಿದು ಬೇಡವೇ ಬೇಡ. ಸರ್ಕಾರಿ ವ್ಯವಸ್ಥೆ ಕರುಣೆಗೆ ಹೆಸರಾದದ್ದೇನಲ್ಲ. ಅದು ಕೂಡ ಹದಿನೇಳು ಹದಿನೆಂಟರ ಮನಸ್ಸು ಬದಲಾಗಬಹುದೆಂದು ಜಾಗ ಬಿಟ್ಟಿದೆ. ಅಪ್ಪನ ಸ್ಟೇಟಸ್ ಬಿಟ್ಟಿಲ್ಲ. ಮೊದಲ ಸುತ್ತಿನ ಸಂಜೆಯೇ ಊರಿಗೆಲ್ಲ ಸಾರಿಯಾದ ಮೇಲೆ ಮೂರನೆಯ, ನಾಲ್ಕನೆಯ ಆಯ್ಕೆ ಎಲ್ಲಿ ಉಳಿಯಿತು?

ನಮಗೆ ಗೊತ್ತಿರುವ ಒಂದು ಮನೆಯಿದೆ. ತಂದೆ ಅಡಿಕೆ ಮೂಟೆಗಳನ್ನು ಶಿರಸಿ ಪೇಟೆಗೆ ಸಾಗಿಸುವ ಗಾಡಿ ಓಡಿಸುತ್ತಾರೆ. ಮಗನಿಗೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತು. ಸ್ಟೇಟಸ್ ಬಂತು, ಮುಬಾರಕ್‌ಬಾದ್‌ಗಳ ಮಳೆ ಸುರಿಯಿತು. ದಸರಾ ರಜೆಗೆ ಊರಿಗೆ ಬಂದ ಹುಡುಗ ತಾಯಿಯ ಹತ್ತಿರ, ತನಗೆ ಅಲ್ಲಿ ಆಗುತ್ತಿಲ್ಲ, ಶಿರಸಿಯಲ್ಲೇ ಬಿ.ಎಸ್ಸಿ. ಓದುತ್ತೇನೆ ಎಂದ. ಆ ತಾಯಿ ಕೆಟ್ಟವರಲ್ಲ. ಆದರೂ ಏನಾಯಿತು ಬೇಟಾ ಎಂದು ಕೇಳುವ ಮೊದಲು ಅವರ ಬಾಯಿಂದ ಬಂದದ್ದು, ‘ಲೋಗಾಂ ಕ್ಯಾ ಬೋಲ್ತೇ?’ ಜನ ಏನಂತಾರೆ? ಹುಡುಗ ಹಿಂದಿರುಗಿದ. ಈಗ ಮೂರನೆಯ ವರ್ಷ. ಪಾಸಾಗದ ವಿಷಯಗಳು ಬೆನ್ನಿಗಿವೆ, ಈದ್‌ಗೂ ಊರಿಗೆ ಬರುವುದಿಲ್ಲ. ಸ್ಟೇಟಸ್ಸೇನೋ ಇಪ್ಪತ್ನಾಲ್ಕು ಗಂಟೆಯಲ್ಲಿ ತಾನಾಗಿ ಅಳಿಸಿಹೋಗಿತ್ತು.

ಇನ್ನು ಅರ್ಧ ಸತ್ಯದ ಮಾತು. ಸ್ಟೇಟಸ್ಸಿನಲ್ಲಿ ‘ಮೆಡಿಕಲ್ ಸೀಟು’ ಎಂದಷ್ಟೇ ಇರುತ್ತದೆ. ಸರ್ಕಾರಿ ಕೋಟಾವೋ ಮ್ಯಾನೇಜ್‌ಮೆಂಟ್ ಕೋಟಾವೋ, ಎಷ್ಟು ತೋಟ ಅಡವಾಯಿತು, ಎಷ್ಟು ಬಂಗಾರ ಬ್ಯಾಂಕು ಸೇರಿತು ಎಂಬುದು ಇರುವುದಿಲ್ಲ. ಅದನ್ನು ನೋಡಿ ನೆರೆಮನೆಯಾತ ತನ್ನ ಮಗಳನ್ನು ‘ಅವನಿಗೆ ಸಿಕ್ಕಿದ್ದು ನಿನಗೇಕಿಲ್ಲ’ ಎಂದು ಗದರುತ್ತಾನೆ. ಅದೇ ತೋಟದಲ್ಲಿ ಮರ ಹತ್ತುವ ಕೊನೆಗೌಡನ ಮಗಳು ತನ್ನ ಮನೆಯಲ್ಲಿ ಮೊದಲ ಬಾರಿಗೆ ಪಿಯುಸಿ ದಾಟಿ ನರ್ಸಿಂಗ್ ಸೇರಿದರೆ ಅದು ಯಾರ ಸ್ಟೇಟಸ್ಸಿಗೂ ಏರುವುದಿಲ್ಲ.

ಕೆಲವರು ಸೀಟು ಹಂಚಿಕೆಯ ಪತ್ರವನ್ನೇ ಹಾಕುತ್ತಾರೆ. ಮಗುವಿನ ಸಿಇಟಿ ಸಂಖ್ಯೆ, ಪ್ರವರ್ಗ ಎಲ್ಲವೂ ಬಯಲಿಗೆ. 2024ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಎಂಜಿನಿಯರಿಂಗ್ ಸೀಟು ಬ್ಲಾಕ್ ಮಾಡುತ್ತಿದ್ದ ಜಾಲವೊಂದನ್ನು ಹಿಡಿದರು. ಬಂಧಿತ ಹತ್ತು ಮಂದಿಯಲ್ಲಿ ಪ್ರಾಧಿಕಾರದ ನೌಕರನೊಬ್ಬನೂ ಇದ್ದ. ಅಭ್ಯರ್ಥಿಗಳ ಲಾಗಿನ್ ವಿವರ ಬಳಸಿ ಅವರ ಹೆಸರಿನಲ್ಲೇ ಆಯ್ಕೆ ನಮೂದಿಸುತ್ತಿದ್ದರೆಂಬುದು ಆರೋಪ. ಆ ವಿವರ ಸ್ಟೇಟಸ್ಸಿನಿಂದ ಸೋರಿದ್ದಲ್ಲ, ಒಪ್ಪೋಣ. ಆದರೆ ಮಕ್ಕಳ ಸೀಟಿನ ಮೇಲೆ ಕಣ್ಣಿಟ್ಟವರು ಇರುವ ಸಂತೆಯಲ್ಲಿ ಕಾಗದ ಹರಡಿ ಕೂರುವುದೇಕೆ?

ಹೆಣ್ಣುಮಕ್ಕಳ ಪಾಡು ಇನ್ನೂ ಬೇರೆ. 2023ರಲ್ಲಿ ಪಿಯು ಕಲಾ ವಿಭಾಗದಲ್ಲಿ 600ಕ್ಕೆ 593 ಅಂಕ ಪಡೆದು ರಾಜ್ಯಕ್ಕೆ ಮೊದಲಿಗಳಾದ ಬೆಂಗಳೂರಿನ ಮುಸ್ಲಿಮ್ ಹುಡುಗಿಯ ಫೋಟೊ ನೆನಪಿರಬೇಕು. ಅವಳ ಓದಿನ ಬಗ್ಗೆ ಮಾತನಾಡಿದವರು ಎಷ್ಟು ಜನ? ಚರ್ಚೆಯೆಲ್ಲ ಅವಳು ತರಗತಿಯಲ್ಲಿ ಹಿಜಾಬ್ ತೆಗೆದಿಟ್ಟದ್ದರ ಬಗ್ಗೆ. ಮಗಳ ಮುಖವನ್ನು ಬಯಲಿಗಿಟ್ಟ ಮೇಲೆ ಅದರ ಕೆಳಗೆ ಯಾರು ಏನು ಬರೆಯುತ್ತಾರೆಂಬುದು ಅಪ್ಪನ ಕೈಯಲ್ಲಿರುವುದಿಲ್ಲ.

ಹಿಂದುಳಿದ ಸಮುದಾಯಕ್ಕೆ ಮಾದರಿಗಳು ಬೇಕು, ನೋಡಿ ನಾಲ್ಕು ಜನ ಕಲಿಯಲಿ ಎಂಬ ವಾದವಿದೆ. ಫೋಟೊ ನೋಡಿ ಏನು ಕಲಿಯಬೇಕು? ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಸಿಇಟಿ, ನೀಟ್ ಮೂಲಕ ಸೀಟು ಪಡೆದವರಿಗೆ ಶೇಕಡ 2ರ ಸೇವಾಶುಲ್ಕದಲ್ಲಿ ದೊರೆಯುತ್ತದೆ. ಓದು ಮುಗಿದ ಮೇಲೆ ಕಂತಿನಲ್ಲಿ ತೀರಿಸಬಹುದು. ಒಂದರಿಂದ ಎಂಟನೆಯ ತರಗತಿಯ ಅಲ್ಪಸಂಖ್ಯಾತ ಮಕ್ಕಳಿಗಿದ್ದ ವಿದ್ಯಾರ್ಥಿವೇತನವನ್ನು ಕೇಂದ್ರ ಸರ್ಕಾರ 2022ರಲ್ಲಿ ನಿಲ್ಲಿಸಿತು. ಇವೆರಡರಲ್ಲಿ ಯಾವುದನ್ನಾದರೂ ಯಾರಾದರೂ ಸ್ಟೇಟಸ್ಸಿಗೆ ಏರಿಸಿದರೇ? ಸೀಟು ಸಿಕ್ಕ ಹುಡುಗನ ಫ್ಲೆಕ್ಸ್‌ಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಅರಿವು ಅರ್ಜಿಯ ಕೊನೆಯ ದಿನಾಂಕವನ್ನು ಮಸೀದಿಯ ಬೋರ್ಡಿನ ಮೇಲೆ ಬರೆದದ್ದನ್ನು ಮಾತ್ರ ಇನ್ನೂ ಕಂಡಿಲ್ಲ.