ಹಳೆಯ ಸ್ಪೋರ್ಟ್ಸ್ ಕಾರಿನ ಪೆಟ್ರೋಲ್ ಟ್ಯಾಂಕ್: ಆಕಾರದ ನಕಲು ಸಾಲದು

ಬಿಡಿಭಾಗಗಳ ತಯಾರಿಕೆಯಲ್ಲಿ ತೊಡಗಿರುವ ನಮ್ಮ ಸಣ್ಣ ಉದ್ದಿಮೆದಾರರಲ್ಲಿ ಒಂದು ನಂಬಿಕೆ ಬೇರೂರಿದೆ. ಮಾದರಿಯೊಂದನ್ನು ಕೈಗೆ ಕೊಟ್ಟರೆ ಸಾಕು, ಅದರ ತದ್ರೂಪನ್ನು ಅರ್ಧ ಬೆಲೆಗೆ ತಯಾರಿಸಿಕೊಡಬಲ್ಲೆವು ಎಂಬುದೇ ಆ ನಂಬಿಕೆ. ಈ ಕೌಶಲ ನಮ್ಮಲ್ಲಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ತದ್ರೂಪನ್ನು ತಯಾರಿಸುವುದೇ ಬೇರೆ, ಕೆಲಸಕ್ಕೆ ಬರುವ ಬಿಡಿಭಾಗವನ್ನು ತಯಾರಿಸುವುದೇ ಬೇರೆ. ಹಳೆಯ ಸ್ಪೋರ್ಟ್ಸ್ ಕಾರುಗಳ ಪೆಟ್ರೋಲ್ ಟ್ಯಾಂಕನ್ನು ಬದಲಿಸುವ ಕೆಲಸವನ್ನು ನಿದರ್ಶನವಾಗಿಟ್ಟುಕೊಂಡು ಈ ಅಂತರವನ್ನು ಸದಸ್ಯರ ಗಮನಕ್ಕೆ ತರುವುದು ಪ್ರಸ್ತುತ ಲೇಖನದ ಉದ್ದೇಶ.

ಮಾರುಕಟ್ಟೆಯ ಸ್ವರೂಪ

ಐವತ್ತು ವರ್ಷ ಹಳೆಯ ಕಾರಿನ ಟ್ಯಾಂಕಿನಿಂದ ನಮಗೇನು ಲಾಭ ಎಂಬ ಪ್ರಶ್ನೆ ಸಹಜ. ಇಂಗ್ಲೆಂಡಿನ ಎಂಜಿಬಿ ಕಾರನ್ನೇ ಗಮನಿಸೋಣ. ಅಬಿಂಗ್‌ಡನ್ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಈ ಕಾರು ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಇದರಲ್ಲಿ ಬಹುದೊಡ್ಡ ಪಾಲು ಅಮೆರಿಕಕ್ಕೆ ರಫ್ತಾಯಿತು. 1980ರಲ್ಲಿ ಕಾರ್ಖಾನೆ ಮುಚ್ಚಿತಾದರೂ ಕಾರುಗಳು ಉಳಿದವು. ಅವುಗಳ ಮೇಲಿನ ಅಭಿಮಾನವೂ ಉಳಿಯಿತು. ಬ್ರಿಟಿಷ್ ಮೋಟರ್ ಹೆರಿಟೇಜ್ ಎಂಬ ಸಂಸ್ಥೆಯು ಹಳೆಯ ಅಚ್ಚುಗಳನ್ನೇ ಬಳಸಿ 1988ರಲ್ಲಿ ಎಂಜಿಬಿಯ ಇಡೀ ಬಾಡಿಯನ್ನು ಹೊಸದಾಗಿ ತಯಾರಿಸಲು ಆರಂಭಿಸಿತು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1948ರಲ್ಲಿ ಆರಂಭವಾದ ಮಾಸ್ ಮೋಟರ್ಸ್ ಸಂಸ್ಥೆಯು ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಬಿಡಿಭಾಗಗಳ ವ್ಯಾಪಾರದಿಂದಲೇ ಬೆಳೆದು ನಿಂತಿದೆ. ಮೂಲ ತಯಾರಕರು ಮಾರುಕಟ್ಟೆಯಿಂದ ನಿರ್ಗಮಿಸಿದ ನಂತರವೂ ಬಿಡಿಭಾಗಗಳ ಬೇಡಿಕೆ ದಶಕಗಳ ಕಾಲ ಮುಂದುವರಿಯುತ್ತದೆ ಎಂಬುದಕ್ಕೆ ಇವು ಸಾಕ್ಷಿ.

ಹೀಗೆ ಮತ್ತೆ ಮತ್ತೆ ಬೇಕಾಗುವ ಬಿಡಿಭಾಗಗಳಲ್ಲಿ ಪೆಟ್ರೋಲ್ ಟ್ಯಾಂಕ್ ಮುಖ್ಯವಾದುದು. ಎಂಜಿಬಿಯಲ್ಲಿ ಟ್ಯಾಂಕ್ ಡಿಕ್ಕಿಯ ನೆಲದ ಕೆಳಗೆ, ಹೊರಗಿನ ಗಾಳಿ ಮಳೆಗೆ ಒಡ್ಡಿಕೊಂಡಿರುತ್ತದೆ. ಟ್ಯಾಂಕಿನ ಮೇಲ್ಭಾಗಕ್ಕೂ ಡಿಕ್ಕಿಯ ನೆಲಕ್ಕೂ ನಡುವೆ ಇರುವ ಕಿರಿದಾದ ಸಂದಿಯಲ್ಲಿ ಕೆಸರು ಸೇರಿ, ತೇವ ಆರದೆ ನಿಂತು, ತಗಡು ಮೇಲಿನಿಂದ ಕೆಳಕ್ಕೆ ತುಕ್ಕು ಹಿಡಿಯುತ್ತದೆ. ಅರ್ಧ ಟ್ಯಾಂಕ್ ಪೆಟ್ರೋಲ್ ಇದ್ದಾಗ ಏನೂ ಕಾಣಿಸದು. ಪೂರ್ತಿ ತುಂಬಿಸಿದ ದಿನ ವಾಸನೆ ಬರುತ್ತದೆ. ಅಂತಹ ಟ್ಯಾಂಕಿಗೆ ತೇಪೆ ಹಾಕುವುದಕ್ಕಿಂತ ಹೊಸದನ್ನು ಕೂರಿಸುವುದೇ ಲೇಸು. ಬೇಡಿಕೆಯ ಪ್ರಮಾಣ ಒಂದೊಂದು ಮಾದರಿಗೆ ಹತ್ತು, ಇಪ್ಪತ್ತು, ಐವತ್ತರ ಲೆಕ್ಕದಲ್ಲಿರುವುದರಿಂದ ದೊಡ್ಡ ಕಾರ್ಖಾನೆಗಳಿಗೆ ಇದರಲ್ಲಿ ಆಸಕ್ತಿಯಿಲ್ಲ. ತಗಡು ಕತ್ತರಿಸುವ, ಮಡಚುವ, ಬೆಸೆಯುವ ಸಣ್ಣ ಘಟಕಗಳಿಗೆ ಇದು ಹೇಳಿ ಮಾಡಿಸಿದ ಕೆಲಸ.

ನಮ್ಮ ಕಾರ್ಖಾನೆಯ ಒಂದು ಅನುಭವ

ಆದರೆ ಕೆಲಸ ಕಾಣುವಷ್ಟು ಸರಳವಲ್ಲ ಎಂಬುದನ್ನು ನಾನು ನಷ್ಟ ಅನುಭವಿಸಿಯೇ ಕಲಿತೆ. ಕೆಲವು ವರ್ಷಗಳ ಹಿಂದೆ ಗ್ರಾಹಕರೊಬ್ಬರು ಎರಡು ಆಸನಗಳ ಹಳೆಯ ಬ್ರಿಟಿಷ್ ಕಾರಿನ ತುಕ್ಕು ಹಿಡಿದ ಟ್ಯಾಂಕೊಂದನ್ನು ನಮ್ಮ ಕಾರ್ಖಾನೆಗೆ ತಂದರು. ಅಳತೆ ತೆಗೆದು, ಹೊಸ ತಗಡಿನಲ್ಲಿ ಅದೇ ಆಕಾರದ ಟ್ಯಾಂಕ್ ತಯಾರಿಸಲಾಯಿತು. ಹಳೆಯ ಟ್ಯಾಂಕಿನ ಮೇಲ್ಭಾಗದಲ್ಲಿ ಕಿರುಬೆರಳಿಗಿಂತ ಸಣ್ಣದಾದ ಕೊಳವೆಯ ತುಂಡೊಂದಿತ್ತು. ಅದು ತುಕ್ಕಿನಿಂದ ಮುಚ್ಚಿಹೋಗಿತ್ತು. ಯಾವುದೋ ಕಾಲದಲ್ಲಿ ಉಪಯೋಗ ತಪ್ಪಿದ ಭಾಗವಿರಬೇಕೆಂದು ಭಾವಿಸಿ ಹೊಸ ಟ್ಯಾಂಕಿನಲ್ಲಿ ಅದನ್ನು ಕೈಬಿಟ್ಟೆವು. ಸೋರಿಕೆಯ ಪರೀಕ್ಷೆ ನಡೆಸಿದಾಗ ಒಂದು ಗುಳ್ಳೆಯೂ ಏಳಲಿಲ್ಲ. ಕೆಲಸ ಅಚ್ಚುಕಟ್ಟಾಗಿದೆ ಎಂದು ಗ್ರಾಹಕರೂ ಮೆಚ್ಚಿದರು.

ಟ್ಯಾಂಕ್ ಪೂರ್ತಿ ತುಂಬಿಸಿಕೊಂಡು ಅವರು ಹೊರಟ ಮೊದಲ ಪ್ರಯಾಣದಲ್ಲೇ ಎಂಜಿನ್ ತೊದಲಿ ನಿಂತಿತು. ಹೆದ್ದಾರಿಯ ಮಗ್ಗುಲಲ್ಲಿ ಪೆಟ್ರೋಲ್ ಪಂಪನ್ನೂ ಕಾರ್ಬುರೇಟರನ್ನೂ ಪರೀಕ್ಷಿಸಿ ದೋಷ ಕಾಣದೆ, ಕೊನೆಗೆ ಟ್ಯಾಂಕಿನ ಮುಚ್ಚಳ ತೆರೆದಾಗ ಗಾಳಿ ಸುಯ್ಯೆಂದು ಒಳನುಗ್ಗಿತಂತೆ. ಕಾರು ಪುನಃ ಚಾಲನೆಗೊಂಡಿತು. ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಕಾರನ್ನು ನಮ್ಮಲ್ಲಿಗೆ ತಂದು ಟ್ಯಾಂಕ್ ಇಳಿಸಿದಾಗ ಅದರ ಮೇಲ್ಮೈ ಒಳಕ್ಕೆ ತಗ್ಗಿತ್ತು. ನಾವು ನಿರುಪಯುಕ್ತವೆಂದು ಬಿಟ್ಟ ಆ ಕೊಳವೆಯೇ ಟ್ಯಾಂಕಿಗೆ ಗಾಳಿ ಒದಗಿಸುವ ಏಕೈಕ ದಾರಿಯಾಗಿತ್ತು. ಸೋರದಂತೆ ತಯಾರಿಸಿದೆವೆಂದು ನಾವು ಹೆಮ್ಮೆಪಟ್ಟಿದ್ದೇ ದೋಷವಾಗಿ ಪರಿಣಮಿಸಿತು. ಎರಡನೆಯ ಟ್ಯಾಂಕನ್ನು ನಮ್ಮ ಖರ್ಚಿನಲ್ಲೇ ತಯಾರಿಸಿಕೊಡಬೇಕಾಯಿತು. ಆ ಗ್ರಾಹಕರು ಮತ್ತೆ ನಮ್ಮಲ್ಲಿಗೆ ಬರಲಿಲ್ಲ.

ಗಾಳಿ ಹಾದಿಯ ಮಹತ್ವ

ಟ್ಯಾಂಕಿನಿಂದ ಒಂದು ಲೀಟರ್ ಪೆಟ್ರೋಲ್ ಹೊರಹೋದರೆ ಅದರ ಸ್ಥಾನಕ್ಕೆ ಒಂದು ಲೀಟರ್ ಗಾಳಿ ಒಳಬರಬೇಕು. ಬಾರದಿದ್ದರೆ ಒಳಗಿನ ಒತ್ತಡ ಇಳಿಯುತ್ತದೆ, ಪಂಪು ಎಳೆಯಲಾರದೆ ಸೋಲುತ್ತದೆ. ವಾತಾವರಣದ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ. 60 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲದ ಟ್ಯಾಂಕಿನ ಮೇಲ್ಮೈ 3,000 ಚದರ ಸೆಂಟಿಮೀಟರ್ ಆಗುತ್ತದೆ. ಒಳಗಿನ ಒತ್ತಡ ಶೇಕಡಾ 5ರಷ್ಟು ಮಾತ್ರ ತಗ್ಗಿದರೂ ಆ ಮೇಲ್ಮೈಯ ಮೇಲೆ ಸುಮಾರು 150 ಕಿಲೋಗ್ರಾಂ ಭಾರ ಬೀಳುತ್ತದೆ. ಟ್ಯಾಂಕಿನ ತಗಡಿನ ಮೇಲೆ ಮೂರು ಮೂಟೆ ಸಿಮೆಂಟ್ ಹೇರಿದಂತೆ ಇದು. ಟ್ಯಾಂಕ್ ಪೂರ್ತಿ ತುಂಬಿದ್ದಾಗ ಒಳಗೆ ಗಾಳಿಯ ಜಾಗ ಕಡಿಮೆಯಿರುವುದರಿಂದ ತೊಂದರೆ ಬೇಗನೆ ಕಾಣಿಸಿಕೊಳ್ಳುತ್ತದೆ.

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ಪೆಟ್ರೋಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸಾವಿರದಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. ನೆಲದಡಿಯ ಸಂಗ್ರಹದಿಂದ ತಂಪಾಗಿ ಬಂದ 50 ಲೀಟರ್ ಪೆಟ್ರೋಲ್, ಬಿಸಿಲಲ್ಲಿ ನಿಂತ ಕಾರಿನಲ್ಲಿ 20 ಡಿಗ್ರಿಯಷ್ಟು ಕಾಯ್ದರೆ ಸುಮಾರು ಒಂದು ಲೀಟರ್ ಹೆಚ್ಚಾಗುತ್ತದೆ. ಜೊತೆಗೆ ಆವಿಯ ಒತ್ತಡವೂ ಏರುತ್ತದೆ. ಆದ್ದರಿಂದ ಗಾಳಿಯ ಹಾದಿ ಒಳಕ್ಕೂ ಹೊರಕ್ಕೂ ತೆರೆದಿರಬೇಕು, ಮತ್ತು ಟ್ಯಾಂಕಿನಲ್ಲಿ ಹಿಗ್ಗುವಿಕೆಗೆ ಸ್ಥಳ ಬಿಡಬೇಕು.

ಮೊದಲ ಕಾಲದ ಕಾರುಗಳಲ್ಲಿ ಮುಚ್ಚಳದಲ್ಲಿದ್ದ ಸಣ್ಣ ರಂಧ್ರವೇ ಈ ಕೆಲಸ ಮಾಡುತ್ತಿತ್ತು. ಪೆಟ್ರೋಲ್ ಆವಿ ವಾತಾವರಣ ಸೇರುವುದನ್ನು ತಡೆಯಲು ಕ್ಯಾಲಿಫೋರ್ನಿಯದಲ್ಲಿ 1970ರ ಮಾದರಿಗಳಿಗೂ, ಇಡೀ ಅಮೆರಿಕದಲ್ಲಿ 1971ರ ಮಾದರಿಗಳಿಗೂ ನಿಯಮ ಜಾರಿಗೆ ಬಂತು. ಅಲ್ಲಿಂದ ಮುಂದೆ ಮುಚ್ಚಳವನ್ನು ಬಿಗಿಯಾಗಿಸಿ, ಟ್ಯಾಂಕಿನ ಆವಿಯನ್ನು ಕೊಳವೆಯ ಮೂಲಕ ಇದ್ದಿಲು ತುಂಬಿದ ಡಬ್ಬಿಗೆ ಹಾಯಿಸಿ, ಅಲ್ಲಿಂದ ಎಂಜಿನ್‌ಗೆ ಎಳೆದುಕೊಳ್ಳುವ ಏರ್ಪಾಡು ಬಂತು. ಹೀಗಾಗಿ ಒಂದೇ ಹೆಸರಿನ ಕಾರಿನಲ್ಲಿ ಎರಡು ಬಗೆಯ ಟ್ಯಾಂಕುಗಳೂ ಎರಡು ಬಗೆಯ ಮುಚ್ಚಳಗಳೂ ಇರುವುದುಂಟು. ಒಂದರ ಟ್ಯಾಂಕಿಗೆ ಮತ್ತೊಂದರ ಮುಚ್ಚಳ ಹಾಕಿದರೆ ಒಂದೋ ಕಾರು ನಿಲ್ಲುತ್ತದೆ, ಇಲ್ಲವೇ ಆವಿ ಹೊರಸೂಸುತ್ತದೆ. ಮಾರಾಟ ಮಾಡುವವನಿಗೆ ಈ ಭೇದ ತಿಳಿದಿರಲೇಬೇಕು.

ಗಾಳಿಯ ಕೊಳವೆ ಎಲ್ಲಿ ತೆರೆದುಕೊಳ್ಳುತ್ತದೆ ಎಂಬುದೂ ಅಷ್ಟೇ ಮುಖ್ಯ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಡಿಕ್ಕಿಯೊಳಗೆ ಬಿಟ್ಟರೆ ಅಲ್ಲಿಯೇ ತಳದಲ್ಲಿ ಮಡುಗಟ್ಟುತ್ತದೆ. ವಿದ್ಯುತ್ ಸ್ವಿಚ್ಚಿನ ಒಂದು ಕಿಡಿ ಸಾಕು. ಕೊಳವೆಯನ್ನು ಟ್ಯಾಂಕಿನ ಅತ್ಯಂತ ಎತ್ತರದ ಜಾಗದಿಂದ ಹೊರಡಿಸಿ, ಮೇಲಕ್ಕೆ ಬಳಸಿ ತಂದು, ಹೊಗೆಕೊಳವೆಯಿಂದ ದೂರದಲ್ಲಿ ಕಾರಿನ ಹೊರಗೆ ಬಿಡಬೇಕು. ಕಾರು ಮಗುಚಿದಾಗ ಪೆಟ್ರೋಲ್ ಹರಿಯದಂತೆ ತಡೆಯುವ ಕವಾಟವನ್ನೂ ಅಳವಡಿಸುವುದು ವಿವೇಕ.

ಎಥನಾಲ್ ತಂದ ಬದಲಾವಣೆ

ಹಳೆಯ ಟ್ಯಾಂಕಿನ ನಕಲು ಇಂದು ಸಾಲದಿರುವುದಕ್ಕೆ ಮತ್ತೊಂದು ಕಾರಣ ಇಂಧನವೇ ಬದಲಾಗಿರುವುದು. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಶೇಕಡಾ 10ರವರೆಗೆ ಎಥನಾಲ್ ಬೆರೆತ ಪೆಟ್ರೋಲ್ ಸಾಮಾನ್ಯ ದರ್ಜೆಯಾಗಿ ಬಂದಿತು. ಹಳೆಯ ಕಾರುಗಳಿಗೆ ಕಡಿಮೆ ಎಥನಾಲ್ ಇರುವ ದರ್ಜೆಯನ್ನೇ ಬಳಸುವಂತೆ ಅಲ್ಲಿನ ಸರ್ಕಾರ ಸಲಹೆ ನೀಡಿತು. ನಮ್ಮ ದೇಶದಲ್ಲಿ ಶೇಕಡಾ 20ರಷ್ಟು ಬೆರೆಸುವ ಗುರಿ 2025ರಲ್ಲಿ ಈಡೇರಿದೆ. ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತೇ ಇರುವ ಕಾರಿನಲ್ಲಿ ಆ ನೀರು ಬೇರ್ಪಟ್ಟು ತಳಕ್ಕಿಳಿದು ಉಕ್ಕನ್ನು ತಿನ್ನುತ್ತದೆ. ಹಳೆಯ ಕಾಲದ ರಬ್ಬರ್ ಹೋಸುಗಳೂ, ಟ್ಯಾಂಕಿನ ಒಳಗೆ ಬಳಿಯುವ ಕೆಲವು ಲೇಪನಗಳೂ ಅದರಿಂದ ಮೆತ್ತಗಾಗಿ ಕಳಚಿಕೊಳ್ಳುತ್ತವೆ. ಆದ್ದರಿಂದ ಸ್ಟೇನ್‌ಲೆಸ್ ಸ್ಟೀಲ್ ಬಳಸುವ ಬಗ್ಗೆಯೂ, ಎಥನಾಲ್ ತಾಳಿಕೊಳ್ಳುವ ದರ್ಜೆಯ ಹೋಸುಗಳನ್ನು ಟ್ಯಾಂಕಿನೊಂದಿಗೇ ಒದಗಿಸುವ ಬಗ್ಗೆಯೂ ತಯಾರಕರು ಯೋಚಿಸಬೇಕು. ಮೂಲ ತಯಾರಕರು 1965ರಲ್ಲಿ ಮಾಡಿದ್ದನ್ನೇ ಮಾಡಿದ್ದೇವೆ ಎಂಬ ಸಮರ್ಥನೆ ಇಂದು ನಿಲ್ಲುವುದಿಲ್ಲ.

ಕಾನೂನು ಮತ್ತು ಹೊಣೆಗಾರಿಕೆ

ನಮ್ಮ ದೇಶದಲ್ಲಿಯೂ ಹಳೆಯ ವಾಹನಗಳಿಗೆ ಮನ್ನಣೆ ದೊರೆತಿದೆ. 50 ವರ್ಷ ಮೀರಿದ, ವಾಣಿಜ್ಯ ಬಳಕೆಯಲ್ಲಿಲ್ಲದ ವಾಹನಗಳನ್ನು ವಿಂಟೇಜ್ ವಾಹನಗಳೆಂದು ನೋಂದಾಯಿಸುವ ನಿಯಮಗಳನ್ನು ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿತು. ವಾಹನ ತನ್ನ ಮೂಲ ಸ್ವರೂಪದಲ್ಲಿ ಉಳಿದಿರಬೇಕೆಂಬುದು ಅದರ ಆಶಯ. ಧರ್ಮಸ್ಥಳದ ಕಾರು ಸಂಗ್ರಹಾಲಯವನ್ನು ಕಂಡವರಿಗೆ ಇಂತಹ ವಾಹನಗಳನ್ನು ಕಾಪಾಡುವ ಶ್ರದ್ಧೆ ನಮ್ಮ ನಾಡಿನಲ್ಲಿಯೂ ಇದೆಯೆಂಬುದು ತಿಳಿದ ವಿಷಯ. ಸ್ವದೇಶದ ಬೇಡಿಕೆ ಚಿಕ್ಕದಾದರೂ, ಕೆಲಸ ಕಲಿಯಲು ಮತ್ತು ಹೆಸರು ಗಳಿಸಲು ಅದು ಸಾಕು.

ಇದರೊಂದಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯನ್ನೂ ನೆನಪಿಡಬೇಕು. 2020ರಲ್ಲಿ ಜಾರಿಗೆ ಬಂದ ಈ ಕಾಯಿದೆಯು ಉತ್ಪನ್ನದ ಹೊಣೆಗಾರಿಕೆಯನ್ನು ಪ್ರತ್ಯೇಕ ಅಧ್ಯಾಯವಾಗಿ ವಿಧಿಸುತ್ತದೆ. ತಯಾರಿಕೆಯ ದೋಷ ಮಾತ್ರವಲ್ಲ, ಸರಿಯಾದ ಬಳಕೆಯ ಸೂಚನೆಗಳನ್ನಾಗಲೀ ಎಚ್ಚರಿಕೆಯನ್ನಾಗಲೀ ನೀಡದಿರುವುದೂ ತಯಾರಕನನ್ನು ಹೊಣೆಯಾಗಿಸಬಹುದು. ಗಾಳಿಯ ಹಾದಿಯ ಬಗ್ಗೆ ಒಂದು ಮಾತನ್ನೂ ತಿಳಿಸದೆ ಟ್ಯಾಂಕ್ ಮಾರುವುದು ಈ ದೃಷ್ಟಿಯಿಂದಲೂ ಅಪಾಯಕರ.

ಏನು ಮಾಡಬೇಕು

"ನಾವು ಟ್ಯಾಂಕ್ ಕೊಡುತ್ತೇವೆ, ಕೂರಿಸುವುದು ಮೆಕ್ಯಾನಿಕ್‌ನ ಕೆಲಸ. ಇಷ್ಟೆಲ್ಲ ಸೇರಿಸಿದರೆ ಬೆಲೆ ಏರಿ ಗಿರಾಕಿ ತಪ್ಪಿಹೋಗುತ್ತಾನೆ" ಎಂಬ ವಾದವನ್ನು ನಾನು ಕೇಳಿದ್ದೇನೆ, ಒಂದು ಕಾಲದಲ್ಲಿ ನಾನೂ ಹಾಗೆಯೇ ವಾದಿಸಿದ್ದುಂಟು. ಇದರಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ. ಆದರೆ ಐವತ್ತು ವರ್ಷ ಹಳೆಯ ಕಾರನ್ನು ಜತನದಿಂದ ಕಾಪಾಡುವ ಗ್ರಾಹಕ ಅಗ್ಗದ ಮಾಲನ್ನು ಹುಡುಕಿ ಬರುವವನಲ್ಲ. ದಾರಿಯಲ್ಲಿ ಕೈಕೊಡದ ಮಾಲು ಅವನಿಗೆ ಬೇಕು. ಇಂತಹ ಗ್ರಾಹಕರು ಒಬ್ಬರನ್ನೊಬ್ಬರು ಬಲ್ಲವರು. ಒಂದು ಟ್ಯಾಂಕ್ ಕೆಟ್ಟರೆ ಒಬ್ಬ ಗಿರಾಕಿಯನ್ನಲ್ಲ, ಒಂದು ಸಂಘವನ್ನೇ ಕಳೆದುಕೊಳ್ಳುತ್ತೇವೆ. ಕಡಿಮೆ ಬೆಲೆಯೊಂದನ್ನೇ ನೆಚ್ಚಿದರೆ ನಮಗಿಂತ ಕಡಿಮೆ ಬೆಲೆಗೆ ಕೊಡುವವರು ನಾಳೆ ಮತ್ತೊಬ್ಬರು ಬರುತ್ತಾರೆ.

ನನ್ನ ಸಲಹೆಗಳು ಇಷ್ಟೇ. ಮೊದಲನೆಯದಾಗಿ, ಮಾದರಿಯಾಗಿ ಬಂದ ಹಳೆಯ ಟ್ಯಾಂಕಿನ ಪ್ರತಿಯೊಂದು ರಂಧ್ರ, ಕೊಳವೆ, ಒಳಗೋಡೆಯ ಉದ್ದೇಶವನ್ನು ಬರೆದಿಟ್ಟುಕೊಳ್ಳಬೇಕು; ಉದ್ದೇಶ ತಿಳಿಯದ ಯಾವ ಭಾಗವನ್ನೂ ಕೈಬಿಡಬಾರದು. ಎರಡನೆಯದಾಗಿ, ಸೋರಿಕೆಯ ಪರೀಕ್ಷೆಯೊಂದಿಗೆ ಗಾಳಿಯ ಪರೀಕ್ಷೆಯನ್ನೂ ನಡೆಸಬೇಕು. ಟ್ಯಾಂಕಿನಲ್ಲಿ ನೀರು ತುಂಬಿಸಿ, ಮುಚ್ಚಳ ಬಿಗಿದು, ಪಂಪಿನಿಂದ ಹೊರಗೆಳೆಯಬೇಕು. ಹರಿವು ಕುಗ್ಗಿದರೆ ಅಥವಾ ತಗಡು ತಗ್ಗಿದರೆ ಆ ಟ್ಯಾಂಕ್ ಮಾರಾಟಕ್ಕೆ ಯೋಗ್ಯವಲ್ಲ. ಪರೀಕ್ಷೆಯ ನಂತರ ಒಳಭಾಗವನ್ನು ಸಂಪೂರ್ಣವಾಗಿ ಒಣಗಿಸಬೇಕು. ಮೂರನೆಯದಾಗಿ, ಟ್ಯಾಂಕ್, ಸೂಕ್ತ ಮುಚ್ಚಳ, ಗಾಳಿಯ ಕೊಳವೆ ಹಾಗೂ ಹೋಸುಗಳನ್ನು ಒಂದೇ ಕಟ್ಟಾಗಿ, ಒಂದು ಪುಟದ ಸೂಚನೆಯೊಂದಿಗೆ ಮಾರಬೇಕು.

ನಾಲ್ಕನೆಯದು ಕಾರ್ಮಿಕರ ಸುರಕ್ಷತೆಗೆ ಸಂಬಂಧಿಸಿದ್ದು. ಖಾಲಿಯಾದ ಹಳೆಯ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಹೆಚ್ಚು ಅಪಾಯಕಾರಿ. ಗಾಳಿಯಲ್ಲಿ ಪೆಟ್ರೋಲ್ ಆವಿಯ ಪ್ರಮಾಣ ಸುಮಾರು ಶೇಕಡಾ 1.4ರಿಂದ 7.6ರ ನಡುವೆ ಇದ್ದರೆ ಅದು ಸಿಡಿಯಬಲ್ಲದು. ಬರಿದಾದ ಟ್ಯಾಂಕಿನ ತಳದಲ್ಲಿ ಉಳಿದ ಒಂದಿಷ್ಟು ಹಸಿಯೇ ಅದಕ್ಕೆ ಸಾಕು. ಮಾದರಿಗೆಂದು ಬಂದ ಟ್ಯಾಂಕನ್ನು ಚೆನ್ನಾಗಿ ತೊಳೆದು, ಆವಿ ಪೂರ್ಣ ಹೋಗಿದೆಯೆಂದು ಖಚಿತವಾಗುವವರೆಗೆ ಅದರ ಬಳಿ ಬೆಸುಗೆಯನ್ನಾಗಲೀ ಕತ್ತರಿಸುವ ಯಂತ್ರವನ್ನಾಗಲೀ ತರಬಾರದು.

ಈ ಮಾತುಗಳು ಪೆಟ್ರೋಲ್ ಟ್ಯಾಂಕಿಗೆ ಮಾತ್ರ ಸೀಮಿತವಲ್ಲ. ಪಂಪು, ಕವಾಟ, ಬ್ರೇಕಿನ ಭಾಗ, ಯಾವುದನ್ನೇ ತಯಾರಿಸುವವರಾಗಲಿ, ಮಾದರಿಯ ಅಳತೆಯ ಜೊತೆಗೆ ಅದರ ಕೆಲಸವನ್ನೂ ಅರಿತು ತಯಾರಿಸಬೇಕಾದ ಕಾಲ ಬಂದಿದೆ. ನಮ್ಮ ಸಂಸ್ಥೆಯು ತಗಡಿನ ಕೆಲಸದ ಘಟಕಗಳಿಗಾಗಿ ಪರೀಕ್ಷಾ ವಿಧಾನಗಳನ್ನು ಕುರಿತು ಒಂದು ದಿನದ ಕಾರ್ಯಾಗಾರವನ್ನು ಏರ್ಪಡಿಸುವುದಾದರೆ, ಒಳಕ್ಕೆ ತಗ್ಗಿದ ನಮ್ಮ ಆ ಮೊದಲ ಟ್ಯಾಂಕನ್ನು ಪ್ರದರ್ಶನಕ್ಕಾಗಿ ತಂದುಕೊಡಲು ನಾನು ಸಿದ್ಧನಿದ್ದೇನೆ. ಅದನ್ನು ಗುಜರಿಗೆ ಹಾಕದೆ ಕಾರ್ಖಾನೆಯ ಬಾಗಿಲ ಬಳಿಯೇ ಇರಿಸಿಕೊಂಡಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಿಗೆ ಮೊದಲ ಪಾಠ ಅದರಿಂದಲೇ ಆರಂಭವಾಗುತ್ತದೆ.