ಹರಕೆಯವರ ವಿಶ್ವಾಸ ಅಳೆಯಲು ನಾವು ಯಾರು?

ಭೇರ್ಯ, ಸಾಲಿಗ್ರಾಮ, ಚುಂಚನಕಟ್ಟೆ ಕಡೆಯಿಂದ ಕೆ.ಆರ್. ನಗರದ ಬಳಿಯ ದೋರನಹಳ್ಳಿಗೆ ಹೋಗುವವರಲ್ಲಿ ಕ್ರೈಸ್ತರಲ್ಲದವರೂ ಬಹಳ. ಸಂತ ಅಂತೋಣಿಯವರಿಗೆ ಮೇಣದಬತ್ತಿ ಹಚ್ಚುತ್ತಾರೆ, ಜೂನ್ 13ರ ಹಬ್ಬಕ್ಕೆ ಹರಕೆ ಒಪ್ಪಿಸುತ್ತಾರೆ. ಅವರನ್ನು ನೋಡಿ ನಮ್ಮವರೇ ಕೆಲವರು, "ಇದು ವಿಶ್ವಾಸವಲ್ಲ, ವ್ಯಾಪಾರ" ಎನ್ನುತ್ತಾರೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಊರಿನ ಮಾರಿಹಬ್ಬಕ್ಕೆ ಚಂದಾ ಕೊಟ್ಟ ಕ್ರೈಸ್ತನನ್ನೂ ಧರ್ಮಭ್ರಷ್ಟನೆಂದುಬಿಡುತ್ತಾರೆ. ಈ ಮಾತುಗಳಿಗೆ ಉತ್ತರ ಕೊಡಲೇಬೇಕು.

ಬೇಡಿಕೆ ಹೊತ್ತು ಬರುವವರಿಗೆ ವಿಶ್ವಾಸವಿಲ್ಲ ಎಂಬುದು ಅವರ ಮೊದಲ ವಾದ. ಹಾಗಾದರೆ ಆಳಿನ ಕಾಯಿಲೆ ವಾಸಿಯಾಗಲೆಂದು ಬಂದ ರೋಮಿನ ಶತಾಧಿಪತಿಯನ್ನು ಎಲ್ಲಿಡೋಣ? ಮಗಳಿಗಾಗಿ ಅಂಗಲಾಚಿದ ಕಾನಾನ್ ಹೆಂಗಸನ್ನು? ಇಬ್ಬರೂ ಇಸ್ರಯೇಲಿನ ಹೊರಗಿನವರು, ಇಬ್ಬರೂ ಬಂದದ್ದು ಕಷ್ಟಕ್ಕೆ. ಯೇಸುಸ್ವಾಮಿ ಅವರ ವಿಶ್ವಾಸವನ್ನು ಎಲ್ಲರೆದುರು ಹೊಗಳಿದರು. ದೋರನಹಳ್ಳಿಯ ಐತಿಹ್ಯವೂ ಹಾಗೇ ಶುರುವಾಗುತ್ತದೆ: ಹೊಲ ಉಳುತ್ತಿದ್ದಾಗ ಸಂತರ ಪ್ರತಿಮೆ ಸಿಕ್ಕಿದ್ದು ಹಿಂದೂ ರೈತನೊಬ್ಬನಿಗೆ. 2019ರಲ್ಲಿ ಬಸಿಲಿಕಾ ಎಂಬ ಗೌರವ ಪಡೆದ ಆ ಕ್ಷೇತ್ರದ ಕಥೆಯಿಂದ ಅವನನ್ನು ತೆಗೆದುಹಾಕಿದರೆ ಉಳಿಯುವುದೇನು?

"ಮರವನ್ನು ಫಲದಿಂದ ಗುರುತಿಸಿ ಎಂದವರು ಯೇಸುವೇ ಅಲ್ಲವೇ?" ಎಂದೂ ಕೇಳುತ್ತಾರೆ. ಹೌದು, ಮತ್ತಾಯನ ಏಳನೆಯ ಅಧ್ಯಾಯದಲ್ಲಿ. ಆದರೆ ಅದು ಕುರಿವೇಷದಲ್ಲಿ ಬರುವ ಸುಳ್ಳು ಬೋಧಕರ ಬಗ್ಗೆ ಕೊಟ್ಟ ಎಚ್ಚರಿಕೆ. ಪರರಿಗೆ ತೀರ್ಪು ಕೊಡಬೇಡಿ, ಮೊದಲು ನಿಮ್ಮ ಕಣ್ಣಿನ ತೊಲೆ ನೋಡಿಕೊಳ್ಳಿ ಎಂದು ಆರಂಭವಾಗುವುದೂ ಅದೇ ಅಧ್ಯಾಯ. ಬೋಧಿಸಲು ನಿಂತವನನ್ನು ಪರೀಕ್ಷಿಸಲು ಕೊಟ್ಟ ಮಾತನ್ನು ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಂತ ತಾಯಿಯ ಮೇಲೆ ಪ್ರಯೋಗಿಸುವುದು ಅನ್ಯಾಯ.

ಪೌಲನನ್ನು ಎಳೆದು ತರುವವರು ಅವನನ್ನು ಪೂರ್ತಿ ಓದಬೇಕು. ಕೊರಿಂಥದವರಿಗೆ ಒಬ್ಬನನ್ನು ಹೊರಹಾಕಲು ಹೇಳಿದವನು, ಅದೇ ಅಧ್ಯಾಯದ ಕೊನೆಯಲ್ಲಿ ಹೊರಗಿನವರ ವಿಚಾರಣೆ ತನ್ನದಲ್ಲ, ದೇವರದು ಎಂದುಬಿಡುತ್ತಾನೆ. ಎರಡನೆಯ ಪತ್ರದಲ್ಲಿ, ದಂಡನೆ ಅನುಭವಿಸಿದವನು ದುಃಖದಲ್ಲಿ ಮುಳುಗಿಹೋಗದಂತೆ ಕ್ಷಮಿಸಿ ಎಂದು ಬೇಡಿಕೊಳ್ಳುತ್ತಾನೆ.

ನನ್ನನ್ನು ಹೆಚ್ಚು ನೋಯಿಸುವುದು ಮಾರಿಹಬ್ಬದ ಆರೋಪ. ಊರಿಗೆ ಅಂಜಿದವನು ಕ್ರೈಸ್ತನೇ ಅಲ್ಲವಂತೆ. ಮೈಸೂರು ಸೀಮೆ ಈ ಮಾತನ್ನು ಹಿಂದೆಯೂ ಕೇಳಿದೆ. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಅನೇಕರು ಬಲವಂತಕ್ಕೆ ಮಣಿದು ಮತ ಬದಲಿಸಿದರು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಇಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಅಂಥವರನ್ನು ಮತ್ತೆ ಸಭೆಗೆ ಸೇರಿಸಿಕೊಂಡರು. ಆದರೆ 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ, ಅಷ್ಟು ಸಾವಿರ ಜನರಲ್ಲಿ ಧರ್ಮಕ್ಕಾಗಿ ಎದೆಗೊಟ್ಟು ನಿಂತವನು ಒಬ್ಬನೂ ಇರಲಿಲ್ಲವೆಂದು ಹಳಿದರು. ಸೆರೆಯಲ್ಲಿ ಹೆಂಡತಿ ಮಕ್ಕಳ ಮುಖ ನೋಡುತ್ತ ಅವರು ಏನು ಬೇಡಿಕೊಂಡರು, ರಾತ್ರಿ ಯಾವ ಜಪ ಹೇಳಿದರು ಎಂಬುದು ದ್ಯುಬುವಾ ಅವರಿಗೆ ಹೇಗೆ ಗೊತ್ತು? ಬಾಗಿಲು ತೆರೆದೊಡನೆ ಮರಳಿ ಬಂದವರೊಳಗೆ ಏನೂ ಉಳಿದಿರಲಿಲ್ಲವೇ? ಅವರನ್ನು ಅಪ್ಪಿಕೊಂಡ ದ್ಯುಬುವಾ ನನ್ನ ಗುರು. ಹಳಿದ ದ್ಯುಬುವಾ ಅಲ್ಲ. ಕೋಳಿ ಕೂಗುವ ಮುಂಚೆ ಮೂರು ಸಲ ಯೇಸುವನ್ನು ಅರಿಯೆನೆಂದ ಪೇತ್ರನ ಕೈಗೇ ಯೇಸು ತನ್ನ ಕುರಿಗಳನ್ನು ಒಪ್ಪಿಸಿದ್ದು.

"ಹಾಗಾದರೆ ತಪ್ಪನ್ನು ತಪ್ಪೆನ್ನಬಾರದೇ?" ಎಂದು ಕೇಳಬಹುದು. ತಪ್ಪೆನ್ನಲೇಬೇಕು. ಹೆಂಡತಿಗೆ ಹೊಡೆಯುವವನ ಕೈ ಹಿಡಿಯಬೇಕು, ಸಭೆಯ ದುಡ್ಡು ನುಂಗಿದವನಿಂದ ಲೆಕ್ಕ ಕೇಳಬೇಕು. ಅಲ್ಲಿ ನೋಡುವುದು ಕೃತ್ಯವನ್ನು, ಆತ್ಮವನ್ನಲ್ಲ. ಅದಕ್ಕೂ ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿ ಕ್ರಮವಿದೆ: ಮೊದಲು ಒಬ್ಬನೇ ಹೋಗಿ ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದೊಯ್ಯಿ, ಆಮೇಲೆ ಸಭೆಗೆ ತಿಳಿಸು. ಚಂದಾ ಕೊಟ್ಟವನನ್ನು ಧರ್ಮಭ್ರಷ್ಟನೆಂದು ಸಾರುತ್ತಿರುವವರಲ್ಲಿ ಯಾರು ಅವನ ಮನೆಗೆ ಒಬ್ಬರೇ ಹೋಗಿ, ಕೂತು, "ಯಾಕಪ್ಪಾ ಕೊಟ್ಟೆ?" ಎಂದು ಕೇಳಿದ್ದಾರೆ?