ಹಸುವಿಗೆ ಖನಿಜ ಮಿಶ್ರಣ, ಮನೆಯವರಿಗೆ ಬರೀ ಟೀ?



ಕರೆಯುವ ಹಸುವಿನ ಮೇವಿನಲ್ಲಿ ಏನೇ ಕಡಿಮೆಯಾದರೂ ನಮಗೆ ಬೇಗ ಗೊತ್ತಾಗುತ್ತದೆ. ಹಾಲು ಇಳಿಯುತ್ತದೆ, ಫ್ಯಾಟ್ ಕುಸಿಯುತ್ತದೆ, ಹಸು ಬೆದೆಗೆ ಬರುವುದಿಲ್ಲ. ಕೂಡಲೇ ಪಶು ಆಹಾರ, ಖನಿಜ ಮಿಶ್ರಣ ತರುತ್ತೇವೆ. ಆ ಹಸುವನ್ನು ಸಾಕುವ ಹೆಣ್ಣುಮಗಳಿಗೆ ಸುಸ್ತು, ತಲೆಸುತ್ತು ಬಂದರೆ ಮಾತ್ರ ‘ಕೆಲಸ ಜಾಸ್ತಿ’ ಎಂದು ಸುಮ್ಮನಾಗುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ.

ಅನೇಕ ಮನೆಗಳಲ್ಲಿ ಕರೆದ ಹಾಲೆಲ್ಲ ಡೇರಿಗೆ ಹೋಗಿ, ಟೀಗೆ ಬೇಕಾದಷ್ಟು ಮಾತ್ರ ಉಳಿಯುತ್ತದೆ. ಬಟವಾಡೆ ಹೆಚ್ಚಲಿ ಎಂಬ ಆಸೆ ತಪ್ಪಲ್ಲ. ಸಾಲದ ಕಂತು, ಹಿಂಡಿಯ ಬೆಲೆ ನನಗೂ ಗೊತ್ತು. ಆದರೂ ದಿನಕ್ಕೆ ಒಂದು ಲೀಟರ್ ಹಾಲನ್ನು ಮೊದಲು ಮನೆಗೆ ಎತ್ತಿಡಿ ಎಂಬುದು ನನ್ನ ಮಾತು. ಮಕ್ಕಳಿಗೆ 2013ರಿಂದ ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು ಸಿಗುತ್ತಿದೆ. ತಾಯಿಗೆ, ಅಜ್ಜಿಗೆ ಆ ಲೋಟ ಯಾರು ಕೊಡಬೇಕು?

ಹಾಲೊಂದೇ ಸಾಲದು ಎಂಬುದನ್ನೂ ಹೇಳಬೇಕು. ಅದರಲ್ಲಿ ಪ್ರೋಟೀನ್, ಕ್ಯಾಲ್ಸಿಯಂ ಚೆನ್ನಾಗಿದೆ. ಕಬ್ಬಿಣಾಂಶ ತೀರಾ ಕಡಿಮೆ. ಅದಕ್ಕೆ ಸೊಪ್ಪು, ಹುರುಳಿಕಾಳು, ತಿನ್ನುವವರಿಗೆ ಮಾಂಸ ಬೇಕು. ಸೊಪ್ಪುಕಾಳಿನ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣಾಂಶ ಮೈಗೆ ಹೆಚ್ಚು ಹತ್ತುತ್ತದೆ. ಊಟದ ಜೊತೆಗೇ ಟೀ, ಕಾಫಿ ಕುಡಿದರೆ ಕಡಿಮೆಯಾಗುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಸುಸ್ತು ಇದ್ದವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಸಂಘದಲ್ಲಿ ಹಾಲಿಗೆ ದಿನಕ್ಕೆರಡು ಸಲ ಪರೀಕ್ಷೆಯಿದೆ. ಹಾಲು ಕರೆಯುವ ಕೈಗಳಿಗೆ ವರ್ಷಕ್ಕೊಮ್ಮೆಯಾದರೂ ಬೇಡವೇ?